ನಿಮ್ಮ ಬಟ್ಟೆ, ನಮ್ಮ ಹೊಣೆ

ಇಪ್ಪತ್ಮೂರು ವರ್ಷ ನಾನು ಜನರಿಗೆ ‘ಇಲ್ಲ’ ಎಂದು ಹೇಳಿ ಸಂಬಳ ತೆಗೆದುಕೊಂಡವನು. ಕೆಲಸ ವಿಮಾ ಕಂಪನಿಯ ಪರಿಹಾರ ವಿಭಾಗದಲ್ಲಿ. ಹೆಸರು ನೋಡಿ ಅಲ್ಲಿ ಪರಿಹಾರ ಸಿಗುತ್ತದೆಂದು ನಂಬಿ ಬರುವವರು ಬಹಳ. ಆ ನಂಬಿಕೆಯನ್ನು ಹೋಗಲಾಡಿಸುವುದಕ್ಕೇ ನನ್ನನ್ನು ಅಲ್ಲಿ ಕೂರಿಸಿದ್ದರು. ನಲ್ಲಿ ಒಡೆದು ಹಾಸಿಗೆ ನೆನೆಯಿತೇ? ನಲ್ಲಿಗೆ ಎಷ್ಟು ವರ್ಷವಾಗಿತ್ತು, ಒಡೆದಾಗ ಮನೆಯಲ್ಲಿ ಯಾರಿದ್ದರು, ಇದ್ದವರು ಏನು ಮಾಡುತ್ತಿದ್ದರು, ಹಾಸಿಗೆಯನ್ನು ನಲ್ಲಿಯ ಹತ್ತಿರ ಹಾಸಿದ ಉದ್ದೇಶವೇನು? ಇಷ್ಟೆಲ್ಲ ವಿಚಾರಿಸಿ ಕೊನೆಗೊಂದು ಕಾಗದ ಬರೆಯುತ್ತಿದ್ದೆ: ‘ತಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ನಷ್ಟದ ಹೊಣೆ ನಮ್ಮದಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.’

ಕೆಲಸಕ್ಕೆ ಸೇರಿದ ಮೊದಲ ದಿನವೇ ಅಂದಿನ ಮೇಲಧಿಕಾರಿ ನನ್ನನ್ನು ಕೂರಿಸಿಕೊಂಡು ದೀಕ್ಷೆ ಕೊಟ್ಟಿದ್ದರು. “ನೋಡಪ್ಪಾ, ‘ಹೊಣೆ’ ಅನ್ನೋ ಮಾತು ಬಾಯಿಂದ ಬಂತು ಅಂದ್ರೆ ಅದರ ಹಿಂದೇನೇ ‘ಅಲ್ಲ’ ಬಂದ್ಬಿಡ್ಬೇಕು. ಮಧ್ಯೆ ಉಸಿರು ತಗೋಬೇಡ. ನೀನು ಉಸಿರು ತಗೊಳ್ಳೋವಷ್ಟರಲ್ಲಿ ಅವರು ಕೋರ್ಟಿಗೆ ಹೋಗಿರ್ತಾರೆ.” ನಾನು ಶಿಸ್ತಿನ ಮನುಷ್ಯ. ಇಪ್ಪತ್ಮೂರು ವರ್ಷದಲ್ಲಿ ಒಮ್ಮೆಯೂ ಉಸಿರು ತೆಗೆದುಕೊಳ್ಳಲಿಲ್ಲ.

ಹೀಗಿರುವಾಗ ಒಂದು ದಿನ ವಯಸ್ಸಾದ ಸಂಗೀತದ ಟೀಚರೊಬ್ಬರು ಬಂದರು. ಮಾಳಿಗೆ ಸೋರಿ ಅವರ ವಾದ್ಯ ಹಾಳಾಗಿತ್ತು. ಮಾಳಿಗೆ ಸೋರುವುದು ಅವರಿಗೆ ಮೊದಲೇ ಗೊತ್ತಿತ್ತು ಎಂಬುದನ್ನು ಹನ್ನೊಂದು ಪ್ರಶ್ನೆಗಳಲ್ಲಿ ಅವರ ಬಾಯಿಂದಲೇ ಹೊರಡಿಸಿ, ಕಾಗದ ಕೈಗಿಟ್ಟೆ. ಅವರು ಜಗಳ ಆಡಲಿಲ್ಲ, ಅಳಲಿಲ್ಲ. ಕನ್ನಡಕ ಹಾಕಿಕೊಂಡು ಕಾಗದವನ್ನು ಪೂರ್ತಿ ಓದಿ, ನನ್ನ ಭುಜ ತಟ್ಟಿ, “ಪಾಪ, ನಿಮ್ಮದೂ ಎಂಥ ಕೆಲಸ!” ಅಂದು ಹೊರಟುಹೋದರು. ಬೈದಿದ್ದರೆ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ, ಅದು ನನಗೆ ಅಭ್ಯಾಸ. ಆದರೆ ಕನಿಕರಪಟ್ಟುಬಿಟ್ಟರು. ಅಂದು ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಯೋಚಿಸಿದೆ. ಇಷ್ಟು ವರ್ಷದಲ್ಲಿ ಮೇಜಿನ ಆಚೆ ಕೂತ ಒಬ್ಬರಾದರೂ ನನಗೆ ‘ಥ್ಯಾಂಕ್ಸ್’ ಅಂದದ್ದುಂಟೇ? ನೆನಪು ಎಷ್ಟು ಕೆದಕಿದರೂ ಒಬ್ಬರೂ ಸಿಗಲಿಲ್ಲ. ನನಗೆ ನಲವತ್ತೆಂಟು. ಸಾಯುವುದರೊಳಗೆ ಒಂದು ಥ್ಯಾಂಕ್ಸ್ ಕೇಳಬೇಕು ಅನ್ನಿಸಿತು. ಇದು ತಮಾಷೆಯ ಮಾತಲ್ಲ, ನಿಜವಾಗಿ ಅನ್ನಿಸಿತು.

ಮಾರನೆಯ ವಾರ ಕ್ಷೌರದಂಗಡಿಯ ಕುರ್ಚಿಯಲ್ಲಿ ತಲೆಯೊಡ್ಡಿ ಪೇಪರ್ ತಿರುವುವಾಗ ಜಾಹೀರಾತು ಕಣ್ಣಿಗೆ ಬಿತ್ತು. ಒಂದು ಲಾಂಡ್ರಿ ಕಂಪನಿಯವರು ಫ್ರಾಂಚೈಸಿ ಕೊಡುತ್ತಾರಂತೆ. ಹೆಸರು, ಬೋರ್ಡು, ತರಬೇತಿ ಎಲ್ಲ ಅವರದು; ಜಾಗ, ನಗು ಮಾತ್ರ ನಮ್ಮದು. ನನಗೆ ಜ್ಞಾನೋದಯವಾಯಿತು. ಕೊಳೆ ಹಿಡಿದು ಬರುತ್ತಾರೆ, ಶುಭ್ರ ಹಿಡಿದು ಹೋಗುತ್ತಾರೆ. ಇಂಥ ಕಡೆ ಥ್ಯಾಂಕ್ಸ್ ಹೇಳದೆ ಇನ್ನೆಲ್ಲಿ ಹೇಳುತ್ತಾರೆ? ಅರ್ಧ ಕತ್ತರಿಸಿದ ತಲೆಯಲ್ಲೇ ಎದ್ದು ಹೊರಟಿದ್ದೆ. ಕ್ಷೌರಿಕ ಕಾಲರ್ ಹಿಡಿದು ಕೂರಿಸಿದ.

“ಏನಂದ್ರಿ? ಊರವರ ಬಟ್ಟೆ ಒಗೀತೀರಾ?” ಹೆಂಡತಿ ಹೊಲಿಗೆ ಮಿಷನ್ನಿನ ಚಕ್ರ ನಿಲ್ಲಿಸಿ ಕೇಳಿದಳು. “ನಿಮ್ಮ ಕರ್ಚೀಫು ನೀವು ಒಗೆದಿದ್ದು ಯಾವ ಕಾಲದಲ್ಲಿ, ಹೇಳಿ ನೋಡೋಣ?”

“ಒಗೆಯೋದು ನಾನಲ್ಲ ಮಾರಾಯ್ತಿ. ವ್ಯಾನ್ ಬರುತ್ತೆ, ತಗೊಂಡು ಹೋಗುತ್ತೆ. ಮೂರನೇ ದಿನ ಒಗೆದು ಇಸ್ತ್ರಿ ಮಾಡಿ ತಂದು ಹಾಕುತ್ತೆ. ನಾವು ಮಾಡ್ಬೇಕಾದ್ದು ಇಷ್ಟೇ, ಬಟ್ಟೆ ಇಸ್ಕೊಳ್ಳೋದು, ರಸೀದಿ ಬರೆಯೋದು, ನಗೋದು.”

“ನಗೋದಾ? ನೀವಾ?”

“ಅಮ್ಮ, ಅಪ್ಪ ನಕ್ಕಿರೋ ಫೋಟೋ ಒಂದಿದೆ,” ಅಂದಳು ಕಾಲೇಜಿಗೆ ಹೊರಟಿದ್ದ ಮಗಳು. “ನಿಮ್ಮ ಮದುವೆ ಆಲ್ಬಮ್ಮಲ್ಲಿ. ಆದ್ರೆ ಅದ್ರಲ್ಲಿ ಅಪ್ಪ ಸೀನ್ತಾ ಇದ್ದಾರೇನೋ ಅಂತ ನನಗೆ ಡೌಟು.”

ಬೇಕಾದ ಜಾಗವೆಂದರೆ ನಮ್ಮ ಮನೆಯ ಮುಂದಿನ ಕೋಣೆ. ಬೀದಿಗೆ ಬಾಗಿಲು, ಅಗಲವಾದ ಕಿಟಕಿ. ಆದರೆ ಅದು ಹೆಂಡತಿಯ ಸಾಮ್ರಾಜ್ಯ. ಹದಿನಾರು ವರ್ಷದಿಂದ ಅಲ್ಲಿ ಅವಳ ಹೊಲಿಗೆ ಮಿಷನ್ನು, ಅಳತೆ ಟೇಪು, ಗುಂಡಿಗಳ ಡಬ್ಬಗಳು. ಮೂರು ದಿನ ನಾನು ಬಿಡದೆ ಕಾಡಿದೆ. ನಾಲ್ಕನೆಯ ದಿನ ಅವಳು ಮಿಷನ್ನನ್ನು ಅಡುಗೆಮನೆಗೆ ಹೋಗುವ ಓಣಿಯಂಥ ಜಾಗಕ್ಕೆ ಸರಿಸಿ, ಷರತ್ತು ಹಾಕಿದಳು.

“ಆರು ತಿಂಗಳು. ಅಷ್ಟರೊಳಗೆ ಕಂಪನಿಯವರು ಬೋರ್ಡು ಕಿತ್ಕೊಂಡು ಹೋದ್ರೆ, ಮಾರನೇ ದಿನಾನೇ ಅಣ್ಣನ ಗೋದಾಮಿಗೆ ಹೋಗಿ ಸೇರ್ಕೋಬೇಕು. ಒಪ್ಪಿಗೇನಾ?”

ಅಣ್ಣ ಎಂದರೆ ನನ್ನ ಭಾವಮೈದುನ. ಅವರದೊಂದು ಗೋದಾಮಿದೆ, ಪೆಟ್ಟಿಗೆಗಳು ಬರುತ್ತವೆ, ಪೆಟ್ಟಿಗೆಗಳು ಹೋಗುತ್ತವೆ. ಸೊಂಟದಲ್ಲಿ ಮೂವತ್ತು ಬೀಗದ ಕೈಗಳ ಗೊಂಚಲು. ಅವರು ಬೀದಿಯ ತುದಿಯಲ್ಲಿರುವಾಗಲೇ ನಮಗೆ ಕೇಳಿಸುತ್ತದೆ. ಗೋದಾಮಿನಲ್ಲಿ ಎಲ್ಲರೂ ಅವರನ್ನು ‘ಸಾರ್’ ಎನ್ನಬೇಕು, ಸ್ವಂತ ತಮ್ಮನೂ ಸೇರಿ. ನನ್ನ ಮದುವೆಯಾದಾಗಿನಿಂದ ಅವರಿಗೆ ನನ್ನ ಬಾಯಿಂದ ಒಂದು ‘ಸಾರ್’ ಹೊರಡಿಸುವ ಆಸೆ. ನಾನು ಇಲ್ಲಿಯವರೆಗೂ ಕೊಟ್ಟಿರಲಿಲ್ಲ. ಈಗ ಅದನ್ನೇ ಪಣಕ್ಕಿಟ್ಟು ತಲೆಯಾಡಿಸಿದೆ.

ವಿಮೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಲಾಂಡ್ರಿ ಕಂಪನಿಯವರ ತರಬೇತಿ ನಾಲ್ಕು ದಿನ. ಮೊದಲ ದಿನ ನಗು, ಎರಡನೆಯ ದಿನ ಅಂಗಿ ಮಡಚುವುದು, ಮೂರನೆಯ ದಿನ ರಸೀದಿ. (ನಗುವಿನಲ್ಲಿ ನನಗೆ ಮರುಪರೀಕ್ಷೆಯಾಯಿತು. ಅದು ಮನೆಯಲ್ಲಿ ಗೊತ್ತಿಲ್ಲ.) ನಾಲ್ಕನೆಯ ದಿನ ತರಬೇತುದಾರಳು ಎದೆಯ ಮೇಲೆ ಕೈಯಿಟ್ಟು, “ಇದು ನಮ್ಮ ಕಂಪನಿಯ ಉಸಿರು. ಬಟ್ಟೆ ತಂದ ಪ್ರತಿಯೊಬ್ಬರಿಗೂ ಮೊದಲ ನಿಮಿಷದೊಳಗೆ, ನಗ್ತಾ, ಇದನ್ನ ಹೇಳಲೇಬೇಕು,” ಅಂದು ಮಂತ್ರೋಪದೇಶ ಮಾಡಿದಳು:

“ನಿಮ್ಮ ಬಟ್ಟೆ, ನಮ್ಮ ಹೊಣೆ!”

ಸುತ್ತಲಿನ ಮೂವತ್ತು ಮಂದಿ ಗಟ್ಟಿಯಾಗಿ ಹೇಳಿದರು. ಒಬ್ಬರೂ ಹಿಂದೆಮುಂದೆ ನೋಡಲಿಲ್ಲ! ಯಾವ ಬಟ್ಟೆ, ಎಷ್ಟು ಹಳೆಯದು, ಯಾವ ಸ್ಥಿತಿಯಲ್ಲಿದೆ, ಏನೂ ಕೇಳದೆ ನಮ್ಮ ಹೊಣೆಯಂತೆ! ನನ್ನ ಸರದಿ ಬಂದಾಗ “ನಿಮ್ಮ ಬಟ್ಟೆ” ಸಲೀಸಾಗಿ ಬಂತು. “ನಮ್ಮ” ಕೂಡ ಬಂತು. ಅಲ್ಲಿಂದ ಮುಂದೆ ನಾಲಿಗೆ ಹೊರಳಲಿಲ್ಲ.

“ಸರ್, ಗಂಟಲು ಕಟ್ಟಿದೆಯಾ? ನೀರು ಬೇಕಾ?” ಕೇಳಿದಳು ಆಕೆ.

ನೀರು ಕುಡಿದೆ. ಗಂಟಲಿನದೇನೂ ತಪ್ಪಿಲ್ಲವೆಂದು ನನಗೆ ಗೊತ್ತಿತ್ತು. ಸಾಮೂಹಿಕವಾಗಿ ಹೇಳಿಸುವಾಗ ಬರೀ ತುಟಿಯಾಡಿಸಿ ಪಾಸಾದೆ. ಇನ್ನೂರ ಹನ್ನೆರಡು ಪುಟಗಳ ಕೈಪಿಡಿಯೊಂದನ್ನು ಕೈಯಲ್ಲಿಟ್ಟು ಕಳಿಸಿದರು. ಆರನೆಯ ತಿಂಗಳಲ್ಲಿ ಅಧಿಕಾರಿಯೊಬ್ಬರು ಬಂದು ನೂರಕ್ಕೆ ಅಂಕ ಹಾಕುತ್ತಾರೆ, ಅರವತ್ತಕ್ಕಿಂತ ಕಡಿಮೆಯಾದರೆ ಬೋರ್ಡು ವಾಪಸ್ಸು ಎಂದು ಅದರ ಮೂರನೆಯ ಪುಟದಲ್ಲೇ ಇತ್ತು.

ಅಂಗಡಿ ತೆರೆದೆವು. ಗೋಡೆಗೆ ನೀಲಿ ಬಣ್ಣ, ಅಡ್ಡಕ್ಕೆ ಉದ್ದದ ಕೌಂಟರು, ಅದರ ಹಿಂದೆ ಹ್ಯಾಂಗರುಗಳ ಸಾಲು, ಒಳಗಿನ ಓಣಿಗೊಂದು ಪರದೆ. ಕೌಂಟರಿನ ಮೇಲುಗಡೆ ಆ ನಾಲ್ಕು ಪದಗಳನ್ನು ಅಡಿಯೆತ್ತರದ ಅಕ್ಷರದಲ್ಲಿ ಬರೆಸಿದ್ದರು. ಮೊದಲ ದಿನವೇ ನಾನು ಹ್ಯಾಂಗರಿನ ಸಾಲನ್ನು ಸ್ವಲ್ಪ ಬಲಕ್ಕೆ ಎಳೆದು, ಯಾರದೋ ಉದ್ದನೆಯ ಕೋಟು ಕೊನೆಯ ಪದಕ್ಕೆ ಅಡ್ಡ ಬರುವಂತೆ ನೇತುಹಾಕಿದೆ. ‘ನಿಮ್ಮ ಬಟ್ಟೆ, ನಮ್ಮ’ ಎಂದು ಓದಿ ಎದುರುಮನೆಯಾಕೆ ಗಾಬರಿಯಾಗಿ, “ಅಂದ್ರೆ ವಾಪಸ್ ಕೊಡಲ್ವಾ?” ಎಂದು ಕೇಳಿದ ಮೇಲೆ ಹೆಂಡತಿ ಕೋಟನ್ನು ಕಿತ್ತು ಬೇರೆ ಕಡೆ ಹಾಕಿದಳು.

ಮೊದಲ ಗಿರಾಕಿ ಮೂಲೆಯ ಹಲ್ಲಿನ ಡಾಕ್ಟರು. ಮೃದು ಮನುಷ್ಯ. ಬಿಳಿ ಕೋಟೊಂದನ್ನು ಕೌಂಟರಿನ ಮೇಲಿಟ್ಟರು. ತೋಳಿನ ಮೇಲೆ ಕೆಂಪು ಕಲೆ. ಅದನ್ನು ಕಂಡಕೂಡಲೇ ನನ್ನೊಳಗಿನ ಪರಿಹಾರ ವಿಭಾಗ ಬಾಗಿಲು ತೆರೆದು ಕೂತುಬಿಟ್ಟಿತು.

“ಈ ಕಲೆ ಯಾವಾಗ ಆದದ್ದು?”

“ನಿನ್ನೆ ರೀ. ರಕ್ತ. ಹಲ್ಲು ಕಿತ್ತೆ.”

“ಯಾರ ಹಲ್ಲು?”

“ಯಾರದೋ ಪೇಷಂಟ್‌ದು!”

“ಕೀಳುವಾಗ ಬೇರೆ ಯಾರಾದ್ರೂ ಹತ್ತಿರ ಇದ್ರಾ?”

ಡಾಕ್ಟರು ನನ್ನನ್ನು ನೋಡಿದರು, ಗೋಡೆಯ ಮೇಲಿನ ಬರಹವನ್ನು ನೋಡಿದರು. “ನರ್ಸ್ ಇದ್ಲು,” ಅಂದರು ಸಣ್ಣ ದನಿಯಲ್ಲಿ. ನಾನು ರಸೀದಿ ಬರೆದೆ: ‘ಬಿಳಿ ಕೋಟು ಒಂದು. ಬಲತೋಳಿನಲ್ಲಿ ಕೆಂಪು ಕಲೆ, ರಕ್ತವೆಂದು ಗ್ರಾಹಕರ ಹೇಳಿಕೆ, ದೃಢಪಟ್ಟಿಲ್ಲ. ಮೂರನೆಯ ಗುಂಡಿ ನಾಪತ್ತೆ. ನಾಪತ್ತೆ ನಮ್ಮಲ್ಲಿಗೆ ಬರುವ ಮೊದಲೇ ಆದದ್ದು.’ ಸಹಿ ಹಾಕಿಸಿಕೊಂಡೆ. ಘೋಷವಾಕ್ಯ ಹೇಳಲೇಬೇಕಲ್ಲ, “ನಿಮ್ಮ ಬಟ್ಟೆ, ನಮ್ಮ...” ಎಂದು ಶುರುಮಾಡಿ ಕೆಮ್ಮಿದೆ. ಹಲವು ದಿನ ಹೀಗೆ ಕೆಮ್ಮಿಕೊಂಡೇ ಕಾಲ ತಳ್ಳಿದೆ. ಆಮೇಲೆ ಸ್ವಲ್ಪ ಸುಧಾರಿಸಿ, “ನಿಮ್ಮ ಬಟ್ಟೆ, ಷರತ್ತುಗಳಿಗೆ ಒಳಪಟ್ಟು, ಸಂದರ್ಭಾನುಸಾರ ನಮ್ಮ ಗಮನದಲ್ಲಿರುತ್ತೆ,” ಎನ್ನುವವರೆಗೆ ಬಂದೆ.

ಎರಡನೆಯ ತಿಂಗಳಲ್ಲಿ ಪರದೆಯ ಪ್ರಕರಣ ನಡೆಯಿತು. ಬ್ಯಾಂಕಿನ ಕ್ಯಾಷಿಯರೊಬ್ಬರು ಮನೆಯ ಕಿಟಕಿ ಪರದೆ ತಂದಿದ್ದರು. ಅದರಲ್ಲೊಂದು ತೂತು. “ಇಲಿ ಕಡಿದಿದೆ,” ಅಂದರು. ಇಲಿ ಕಡಿದರೆ ಅಂಚು ಹರಿದಿರಬೇಕು. ಇದರ ಅಂಚು ಕಪ್ಪಾಗಿ, ಗುಂಡಗೆ ಇತ್ತು. ಆರನೆಯ ಪ್ರಶ್ನೆಗೆ ಇಲಿ ಮಾಯವಾಗಿ ಸಿಗರೇಟು ಹೊರಬಂತು. ಪ್ರಾಮಾಣಿಕವಾಗಿ ರಸೀದಿಯಲ್ಲಿ ಬರೆದೆ: ‘ಸಿಗರೇಟಿನಿಂದ ಸುಟ್ಟ ತೂತು. ಗ್ರಾಹಕರು ತಪ್ಪೊಪ್ಪಿಕೊಂಡಿದ್ದಾರೆ.’ ಮೂರನೆಯ ದಿನ ಪರದೆ ತೆಗೆದುಕೊಳ್ಳಲು ಬಂದದ್ದು ಅವರ ಹೆಂಡತಿ. ರಸೀದಿಯನ್ನು ಎರಡು ಸಲ ಓದಿದರು. “ಎರಡು ವರ್ಷದ ಹಿಂದೇನೇ ಬಿಟ್ಟಿದೀನಿ ಅಂದಿದ್ರು,” ಅಂದು ರಸೀದಿಯನ್ನು ಮಡಚಿ ಪರ್ಸಿಗೆ ಹಾಕಿಕೊಂಡು, ಪರದೆಯನ್ನು ಅಲ್ಲೇ ಬಿಟ್ಟು ಹೊರಟುಹೋದರು. ಆಮೇಲೆ ಕ್ಯಾಷಿಯರು ನಮ್ಮ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು. ಸಿಗರೇಟು ಬಿಟ್ಟರೋ ಇಲ್ಲವೋ ಗೊತ್ತಾಗಲಿಲ್ಲ.

“ನೀವು ಅಂಗಡಿ ಇಟ್ಟಿದೀರೋ, ಪೊಲೀಸ್ ಸ್ಟೇಷನ್ನೋ?” ಹೆಂಡತಿ ಕೇಳಿದಳು. “ಬಟ್ಟೆ ಇಸ್ಕೊಂಡು ಬಾಯಿ ಮುಚ್ಕೊಂಡು ಕೂರೋದಕ್ಕೆ ಏನು ಧಾಡಿ ನಿಮಗೆ?”

“ನಾಳೆ ಅವರು ಬಂದು ತೂತು ನೀವೇ ಮಾಡಿದ್ದು ಅಂದ್ರೆ?”

“ಅಂದ್ರೆ ಅನ್ಲಿ! ಒಂದು ಹೊಲಿಗೆ ಹಾಕಿ ಕೊಡ್ತೀನಿ. ಅದಕ್ಕೇನು ಪ್ರಾಣ ಹೋಗುತ್ತಾ?”

ಇವಳಿಗೆ ವಿಮೆಯ ಮೂಲತತ್ತ್ವಗಳು ಎಳ್ಳಷ್ಟೂ ತಿಳಿಯದು ಎಂದುಕೊಂಡೆ.

ಅಷ್ಟಾದರೂ ವ್ಯಾಪಾರ ಒಂದು ಮಟ್ಟಕ್ಕೆ ನಡೆಯುತ್ತಿತ್ತು. ಆದರೆ ಅದರಲ್ಲಿ ಒಂದು ವಿಚಿತ್ರವಿತ್ತು. ಬೆಳಿಗ್ಗೆಯೆಲ್ಲ ಅಂಗಡಿ ಬಿಕೋ ಎನ್ನುತ್ತಿತ್ತು. ನಾನು ಹನ್ನೆರಡೂವರೆಗೆ ಊಟಕ್ಕೆಂದು ಒಳಗೆ ಹೋಗಿ, ಹೆಂಡತಿ ಕೌಂಟರಿಗೆ ಬಂದು ಕೂತಳೋ, ಗಿಜಿಗಿಜಿ. ಒಂದೂವರೆಗೆ ಕೈ ಒರೆಸಿಕೊಂಡು ಹೊರಗೆ ಬಂದರೆ ಮತ್ತೆ ನೊಣವೂ ಇಲ್ಲ. ಈ ಊರಿನ ಜನಕ್ಕೆ ಮಧ್ಯಾಹ್ನವೇ ಯಾಕೆ ಬಟ್ಟೆಯ ನೆನಪಾಗುತ್ತದೆ ಎಂದು ನಾನು ತನಿಖೆಗೆ ತೊಡಗಿದೆ. ರಸೀದಿ ಪುಸ್ತಕ ತೆಗೆದು ನೋಡಿದರೆ ಹತ್ತರಲ್ಲಿ ಎಂಟು ಹೆಂಡತಿಯ ಕೈಬರಹ. ‘ಅಂಗಿ 3’, ‘ಕೋಟು 1’, ‘ಗುಂಡಿ ಹಾಕಿದೆ’ ಅಷ್ಟೇ. ಕಲೆಯ ಪೂರ್ವಾಪರ ಒಂದಕ್ಷರವಿಲ್ಲ!

“ಅಪ್ಪ, ಇದಕ್ಕೆ ತನಿಖೆ ಬೇರೆ ಬೇಕಾ?” ಮಗಳು ಹೇಳಿದಳು. “ಬೀದಿ ಆ ಕಡೆ ಹೋಗಿ ನಿಂತ್ಕೊಂಡು ನೋಡಿ. ಎಲ್ರೂ ಕಿಟಕೀಲಿ ಇಣುಕ್ತಾರೆ. ನೀವು ಕೂತಿದ್ರೆ ಬ್ಯಾಗನ್ನ ಬೆನ್ನ ಹಿಂದೆ ಇಟ್ಕೊಂಡು ವಾಕಿಂಗ್ ಬಂದವರ ಥರ ಮುಂದೆ ಹೋಗ್ಬಿಡ್ತಾರೆ. ಹಲ್ಲಿನ ಡಾಕ್ಟ್ರು ನಿನ್ನೆ ಮೂರು ರೌಂಡ್ ಹೊಡೆದ್ರು.”

ಹೋಗಿ ನಿಂತು ನೋಡಿದೆ. ಹೆಂಡತಿ ಮಿಷನ್ನನ್ನು ಪರದೆಯ ಪಕ್ಕಕ್ಕೇ ಎಳೆದುಕೊಂಡಿದ್ದಳು. ಸಡಿಲವಾದ ಗುಂಡಿ ಕಂಡರೆ ಮಾತಾಡುತ್ತಲೇ ಬಿಗಿ ಮಾಡಿ, “ಆಯ್ತು, ನಿಮ್ಮ ಬಟ್ಟೆ ನಮ್ಮ ಹೊಣೆ, ಶುಕ್ರವಾರ ಬನ್ನಿ,” ಎಂದು ಒಂದೇ ಉಸಿರಿನಲ್ಲಿ ಹೇಳಿ ಕಳಿಸುತ್ತಿದ್ದಳು. ಅಷ್ಟು ದೊಡ್ಡ ಮಾತನ್ನು ‘ಬಾಗಿಲು ಹಾಕ್ಕೊಂಡು ಹೋಗಿ’ ಅನ್ನುವಷ್ಟು ಹಗುರವಾಗಿ! ಜನ “ಥ್ಯಾಂಕ್ಸ್ ಅಮ್ಮ”, “ಥ್ಯಾಂಕ್ಸ್ ಅಕ್ಕ” ಎನ್ನುತ್ತಾ ಹೋಗುತ್ತಿದ್ದರು. ರಸ್ತೆಯ ಆಚೆ ನಿಂತು ಎಣಿಸಿದೆ. ಒಂದು ಗಂಟೆಯಲ್ಲಿ ಹದಿನಾಲ್ಕು. ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ?

ಅಷ್ಟರಲ್ಲಿ ಕಾಗದ ಬಂತು. ಬುಧವಾರ ಬೆಳಿಗ್ಗೆ ಹತ್ತಕ್ಕೆ ಅಧಿಕಾರಿಣಿ ಬರುತ್ತಾರೆ, ತಾವೇ ಒಂದು ಬಟ್ಟೆ ತಂದು ಕೊಟ್ಟು ಪರೀಕ್ಷಿಸುತ್ತಾರೆ, ಒಪ್ಪಂದಕ್ಕೆ ಸಹಿ ಹಾಕಿದವರೇ ಕೌಂಟರಿನಲ್ಲಿರಬೇಕು ಎಂದು. ಸಹಿ ಹಾಕಿದವನು ನಾನು.

ಉಳಿದಿದ್ದ ಮೂರು ದಿನ ಮನೆಯಲ್ಲಿ ತಾಲೀಮು. ಹೆಂಡತಿ ಕೈಯಲ್ಲಿ ದಿಂಬಿನ ಗವಸು ಹಿಡಿದು ಗಿರಾಕಿಯಾಗಿ ಬರುವಳು.

“ಹೇಳಿ.”

“ನಿಮ್ಮ ಬಟ್ಟೆ, ನಮ್ಮ... ಈ ಗವಸಿಗೆ ಎಣ್ಣೆ ಹೇಗಾಯ್ತು?”

“ನಿಮ್ಮ ತಲೆಯಿಂದಾನೇ ಆಯ್ತು! ಹೇಳ್ರೀ ಮೊದ್ಲು!”

“ನಮ್ಮ ಹೊಣೆ... ಯಲ್ಲ.”

ಹೆಂಡತಿ ಗವಸನ್ನು ನನ್ನ ಮುಖಕ್ಕೆ ಎಸೆದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದು ಎದುರಿಗೆ ಕೂತಳು. “ನೋಡಿ,” ಅಂದಳು, ಈ ಸಲ ಮೆತ್ತಗೆ. “ನೀವು ಅಣ್ಣನ ಮುಂದೆ ಕೈಕಟ್ಟಿ ನಿಂತ್ಕೊಳ್ಳೋದು ನನಗೂ ಇಷ್ಟ ಇಲ್ಲ. ಷರತ್ತು ಹಾಕಿದ್ದು ನೀವು ಹೆದರ್ಕೊಂಡಾದ್ರೂ ನೆಟ್ಟಗಿರ್ಲಿ ಅಂತ. ಎರಡು ಮಾತು ರೀ. ಹೇಳ್ಬಿಡಿ.” ನನ್ನ ಕಣ್ಣು ತೇವವಾಯಿತು. ಹೇಳಬೇಕೆಂದು ಬಾಯಿ ತೆರೆದೆ. ಕೆಮ್ಮು ಬಂತು.

ಬುಧವಾರ ಒಂಬತ್ತೂಮುಕ್ಕಾಲಿಗೆ ಬೀದಿಯ ತುದಿಯಲ್ಲಿ ಬೀಗದ ಕೈಗಳ ಸದ್ದು ಕೇಳಿಸಿತು. ಭಾವಮೈದುನ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತರು. “ಸುಮ್ನೆ ಈ ಕಡೆ ಬಂದಿದ್ದೆ,” ಅಂದು, ಜೇಬಿನಿಂದ ಒಂದು ಬಿಲ್ಲೆ ತೆಗೆದು ಕೌಂಟರಿನ ಮೇಲಿಟ್ಟರು. ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ. ನನ್ನ ಹೆಸರು, ಕೆಳಗೆ ‘ಗೋದಾಮು ಸಹಾಯಕ’. “ಹೇಗೂ ಬೇಕಾಗುತ್ತಲ್ಲ ಅಂತ ಮಾಡಿಸ್ಬಿಟ್ಟೆ. ಅವಸರ ಏನಿಲ್ಲ. ನಾಳೆ ಎಂಟು ಗಂಟೆಗೆ ಬಂದ್ರೆ ಸಾಕು.”

ಹತ್ತಕ್ಕೆ ಸರಿಯಾಗಿ ಅಧಿಕಾರಿಣಿ ಒಳಗೆ ಬಂದರು. ಗಿಡ್ಡ ಕೂದಲು, ಕೈಯಲ್ಲಿ ರಟ್ಟಿನ ಹಲಗೆಗೆ ಸಿಕ್ಕಿಸಿದ ಕಾಗದ, ಮಣಿಕಟ್ಟಿನಲ್ಲಿ ದೊಡ್ಡ ಗಡಿಯಾರ. ನಾನು ಕೈಪಿಡಿಯ ಪ್ರಕಾರ ಮೂರು ಸೆಕೆಂಡಿನೊಳಗೆ ನಕ್ಕೆ, ನಮಸ್ಕಾರ ಹೇಳಿದೆ. ಅವರು ಚೀಲದಿಂದ ಬಿಳಿ ಅಂಗಿಯೊಂದನ್ನು ತೆಗೆದು, “ನಮ್ಮ ಯಜಮಾನರದ್ದು. ಇವತ್ತು ಬೆಳಿಗ್ಗೆ ಕಾಫಿ ಚೆಲ್ಲಿಕೊಂಡ್ರು,” ಅಂದರು.

ಹೇಳಬೇಕಾದದ್ದು ಆಗಲೇ. ಪರದೆಯ ಸಂದಿನಿಂದ ಹೆಂಡತಿಯ ಒಂದು ಕಣ್ಣು ಕಾಣುತ್ತಿತ್ತು. ಅದರ ಕೆಳಗೆ ಮಗಳ ಒಂದು ಕಣ್ಣು. ನಾನು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಕಣ್ಣು ಅಂಗಿಯ ಮೇಲೆ ಬಿದ್ದುಹೋಗಿತ್ತು.

“ಇವತ್ತು ಬೆಳಿಗ್ಗೆ?” ಅಂದೆ.

“ಹೌದು.”

“ಖಂಡಿತಾ ಇವತ್ತು?”

ಒಳಗಿನಿಂದ ಹೆಂಡತಿ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ನಾನೇನು ಮಾಡಲಿ? ಹಳೆಯ ಆಫೀಸಿನಿಂದ ತಂದಿದ್ದ ಭೂತಗನ್ನಡಿಯನ್ನು ಕೈ ತಾನಾಗಿಯೇ ಹುಡುಕಿ ತೆಗೆಯಿತು. ಕಲೆಯನ್ನು ನೋಡಿದೆ, ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಬೆಳಿಗ್ಗೆಯ ಕಾಫಿಯೇ ಅಲ್ಲ ಅದು, ಕಡಿಮೆಯೆಂದರೆ ವರ್ಷದ ಹಿಂದಿನದು. ಅಂಗಿಯ ಕೆಳ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ನಮ್ಮ ಕಂಪನಿಯವರು ಗುರುತಿನ ಚೀಟಿ ಚುಚ್ಚುವುದು ಅಲ್ಲೇ. ಎಣಿಸಿದೆ, ಏಳು. ಅಂದರೆ ಈ ಅಂಗಿ ಏಳು ಸಲ ನಮ್ಮದೇ ಕಂಪನಿಯ ನೀರು ಕಂಡಿದೆ. ಒಂದೊಂದಾಗಿ ಕೇಳುತ್ತಾ ಹೋದೆ. ಅಧಿಕಾರಿಣಿ ಮೊದಲು ಗದರಿದರು, ಆಮೇಲೆ ತಡವರಿಸಿದರು, ಹದಿನೇಳನೆಯ ಪ್ರಶ್ನೆಗೆ ಸ್ಟೂಲು ಕೇಳಿ ಕೂತರು. (ಭಾವಮೈದುನ ಎದ್ದು ಬಿಟ್ಟುಕೊಡಬೇಕಾಯಿತು.)

“ಆಯ್ತು ರೀ, ಒಪ್ಕೋತೀನಿ,” ಅಂದರು. “ಇದು ಪರೀಕ್ಷೆ ಅಂಗಿ. ಎರಡು ವರ್ಷದಿಂದ ಎಲ್ಲಾ ಶಾಖೆಗೂ ಇದನ್ನೇ ತಗೊಂಡು ಹೋಗ್ತೀನಿ. ಯಾರಿಗೂ ಕಲೆ ತೆಗೆಯೋಕೆ ಆಗಿಲ್ಲ. ಎಲ್ರಿಗೂ ಐದೈದು ಅಂಕ ಕಳೀತೀನಿ.”

“ಮೊದಲನೇ ಸಲ ಕೊಟ್ಟಾಗ ಕಲೆ ಹೊಸದಾಗಿತ್ತಾ?”

“ಆಗಿತ್ತು.”

“ಹಾಗಾದ್ರೆ ಇಲ್ಲಿ ನೋಡಿ,” ಎಂದು ಭೂತಗನ್ನಡಿ ಕೊಟ್ಟೆ. “ಕಲೆ ಹೋಗೋ ಮೊದಲೇ ಇದರ ಮೇಲೆ ಬಿಸಿ ಇಸ್ತ್ರಿ ಎಳೆದಿದ್ದಾರೆ. ಇಸ್ತ್ರಿಯ ಮೂತಿಯ ಗುರುತು ಕೂಡ ಇದೆ. ಕಾಫಿ ಚೆಲ್ಲಿದ್ದು ನಿಮ್ಮ ಯಜಮಾನ್ರು. ಆದ್ರೆ ಅದನ್ನ ಬೇಯಿಸಿ ಕೂರಿಸಿದ್ದು ನಮ್ಮ ಕಂಪನಿ. ಆದ್ದರಿಂದ ಈ ಕಲೆಯ ಹೊಣೆ...”

ಬೀಗದ ಕೈಗಳ ಸದ್ದು ನಿಂತಿತು. ನಾನು ಸಾಕ್ಷ್ಯವನ್ನೆಲ್ಲ ಮನಸ್ಸಿನಲ್ಲಿ ಮತ್ತೊಮ್ಮೆ ತೂಗಿದೆ. ಬೇರೆ ದಾರಿಯೇ ಇರಲಿಲ್ಲ.

“...ನಮ್ಮದು,” ಅಂದೆ.

ಹಿಂದೆಯೇ ‘ಅಲ್ಲ’ ಬರುತ್ತದೆಯೇನೋ ಎಂದು ಒಂದು ಕ್ಷಣ ಕಾದೆ. ಬರಲಿಲ್ಲ. ಎದೆಯಿಂದ ಯಾರೋ ಇಪ್ಪತ್ಮೂರು ವರ್ಷದ ಕಲ್ಲು ಇಳಿಸಿದಂತಾಯಿತು. “ಅಪ್ಪ ಹೇಳಿದ್ರೂ!” ಎಂದು ಮಗಳು ಪರದೆಯ ಹಿಂದೆ ಚಪ್ಪಾಳೆ ಹೊಡೆದಳು. ಉತ್ಸಾಹದಲ್ಲಿ ನಾನು ಅದನ್ನು ರಸೀದಿಯಲ್ಲೂ ಬರೆದು, ಸಹಿ ಮಾಡಿ, ಮೊಹರು ಒತ್ತಿ ಕೊಟ್ಟೆ: ‘ಸದರಿ ಕಲೆಗೆ ನಾವೇ ಹೊಣೆ.’

ಅಧಿಕಾರಿಣಿ ಗಡಿಯಾರ ನೋಡಿಕೊಂಡರು. “ಘೋಷವಾಕ್ಯವನ್ನ ಮೊದಲನೇ ನಿಮಿಷದಲ್ಲಿ ನಗ್ತಾ ಹೇಳ್ಬೇಕು. ನೀವು ನಲವತ್ತೊಂದನೇ ನಿಮಿಷದಲ್ಲಿ ಹುಬ್ಬು ಗಂಟು ಹಾಕ್ಕೊಂಡು ಹೇಳಿದ್ರಿ. ಅದೂ ಅರ್ಧ. ಅಂಕ ಇಲ್ಲ. ಇನ್ನು, ಕೈಪಿಡಿ ಪುಟ ನೂರ ಎಂಬತ್ತೇಳು ಓದಿದೀರಾ? ಯಾವ ಶಾಖೆಯೂ ಹಾನಿಯ ಹೊಣೆಯನ್ನು ಲಿಖಿತವಾಗಿ ಒಪ್ಪಿಕೊಳ್ಳತಕ್ಕದ್ದಲ್ಲ.”

“ಅಂದ್ರೆ, ಬಾಯಲ್ಲಿ ಹೇಳ್ಬೇಕು, ಆದ್ರೆ ಒಪ್ಕೋಬಾರ್ದು?”

“ಹೌದು.”

“ಇದನ್ನ ಮೊದಲನೇ ದಿನಾನೇ ಹೇಳ್ಬಾರ್ದಿತ್ತಾ?” ಅಂದೆ. “ನಾನು ಸುಮ್ನೆ ಆರು ತಿಂಗಳು ಕೆಮ್ಮಿದೆ.”

ಆಗ ಅಧಿಕಾರಿಣಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಹೇಳಿದೆ. ಅವರು ಏನೋ ಬರೆದುಕೊಂಡರು. ಇಷ್ಟೆಲ್ಲ ನಡೆಯುವಾಗ ಬಾಗಿಲಲ್ಲಿ ಐದಾರು ಜನ ಸೇರಿಬಿಟ್ಟಿದ್ದರು. ಹೆಂಡತಿ ನನ್ನ ಕೈಬಿಟ್ಟು ಹೊರಬಂದು, ಕೌಂಟರಿನ ಇನ್ನೊಂದು ತುದಿಯಲ್ಲಿ ಅವರ ಬಟ್ಟೆ ಇಸಿದುಕೊಂಡು, ಗುಂಡಿ ಹಾಕಿ, ಎಲ್ಲರಿಗೂ ಒಂದೇ ಉಸಿರಿನಲ್ಲಿ ಮಂತ್ರ ಹೇಳಿ ಕಳಿಸುತ್ತಿದ್ದಳು. ಅಧಿಕಾರಿಣಿ ಅದನ್ನೂ ನೋಡಿದರು. ಭಾವಮೈದುನ ಹೊರಡುವಾಗ, “ಬಿಲ್ಲೆ ಇಲ್ಲೇ ಇರ್ಲಿ. ರಿಸಲ್ಟ್ ಬಂದ ಮಾರನೇ ದಿನ ಎಂಟು ಗಂಟೆ,” ಅಂದರು.

ಒಂಬತ್ತನೆಯ ದಿನ ಲಕೋಟೆ ಬಂತು. ನಾನು ಅದನ್ನು ಕೌಂಟರಿನ ಮೇಲೆ ಸರಿಸಿದೆ, ಹೆಂಡತಿಯೇ ಒಡೆದಳು. “ಎಪ್ಪತ್ನಾಲ್ಕು!” ಅಂದಳು. ನಾನು ಹೆಂಡತಿಯ ಎರಡೂ ಕೈ ಹಿಡಿದು ಒಂದು ಸುತ್ತು ತಿರುಗಿಸಿಬಿಟ್ಟೆ. ಮದುವೆಯಾದ ಮೇಲೆ ಮೊದಲ ಸಲ. ಅವಳು “ಥೂ, ಬಿಡ್ರೀ, ಮಗಳಿದಾಳೆ” ಅನ್ನುತ್ತಲೇ ನಕ್ಕಳು. ತಕ್ಷಣ ಭಾವಮೈದುನನಿಗೆ ಫೋನು ಮಾಡಿ, ಬಿಲ್ಲೆಯನ್ನು ಬೇರೆ ಯಾರಿಗಾದರೂ ಕೊಡಬಹುದು ಎಂದು ತಿಳಿಸಿದೆ. “ಅದರ ಮೇಲೆ ನಿಮ್ಮ ಹೆಸರಿದೆಯಲ್ರೀ,” ಅಂದರು ಬಹಳ ಬೇಸರದಿಂದ.

“ಅಪ್ಪ, ಎರಡನೇ ಪುಟ ಇದೆ,” ಅಂದಳು ಮಗಳು. ಗಟ್ಟಿಯಾಗಿ ಓದಿದಳು. ‘ನೂರರಲ್ಲಿ ಮಾಲೀಕರು ಪಡೆದ ಅಂಕ: ನಾಲ್ಕು. (ನಮಸ್ಕಾರಕ್ಕೆ ಎರಡು, ಭುಜ ನೆಟ್ಟಗಿದ್ದುದಕ್ಕೆ ಎರಡು.) ಉಳಿದ ಎಪ್ಪತ್ತು ಅವರ ಪತ್ನಿಯವು. ಇನ್ನು ಮುಂದೆ ಒಪ್ಪಂದ ಪತ್ನಿಯ ಹೆಸರಿನಲ್ಲಿರತಕ್ಕದ್ದು. ಮಾಲೀಕರನ್ನು ಬೀದಿಯ ಕಿಟಕಿಯಿಂದ ಕಾಣದ ಸ್ಥಳದಲ್ಲಿ ಕೂರಿಸುವುದು. ಇದಲ್ಲದೆ, ಸದರಿಯವರ ವಿಶೇಷ ಅನುಭವವನ್ನು ಗಮನಿಸಿ, ಈ ವಲಯದ ಎಲ್ಲ ಶಾಖೆಗಳ ಗ್ರಾಹಕರ ದೂರುಗಳನ್ನು ಪರಿಶೀಲಿಸಿ ಉತ್ತರಿಸುವ ಕೆಲಸವನ್ನು ಅವರಿಗೆ ವಹಿಸಲಾಗಿದೆ. ಉತ್ತರದ ಮಾದರಿಯನ್ನು ಲಗತ್ತಿಸಿದೆ.’

ಮಾದರಿಯನ್ನು ನಾನು ಓದಬೇಕಾಗಿರಲಿಲ್ಲ. ಮೊದಲ ಸಾಲು ಕಂಡಿತು: ‘ಕೂಲಂಕಷವಾಗಿ ಪರಿಶೀಲಿಸಲಾಗಿ...’ ಮುಂದಿನದು ಬಾಯಿಪಾಠ.

ಈಗ ಹೆಂಡತಿಯ ಮಿಷನ್ನು ಮತ್ತೆ ಮುಂದಿನ ಕೋಣೆಯಲ್ಲಿದೆ. ಅದಿದ್ದ ಓಣಿಯಲ್ಲಿ ನನ್ನ ಮೇಜಿದೆ. ಬೆಳಿಗ್ಗೆ ವ್ಯಾನು ಬಟ್ಟೆಯ ಜೊತೆಗೆ ದೂರಿನ ಕಟ್ಟನ್ನೂ ತಂದು ಹಾಕುತ್ತದೆ. ಭಾವಮೈದುನ ಕೊಟ್ಟ ಬಿಲ್ಲೆ ವ್ಯರ್ಥವಾಗಬಾರದೆಂದು ಮಗಳು ‘ಗೋದಾಮು ಸಹಾಯಕ’ದ ಮೇಲೆ ‘ದೂರು ವಿಭಾಗ’ ಎಂದು ಚೀಟಿ ಅಂಟಿಸಿ ನನ್ನ ಎದೆಗೆ ಚುಚ್ಚಿದ್ದಾಳೆ. ಮೊದಲ ದಿನ ಬಂದ ಕಟ್ಟಿನಲ್ಲಿ ಹನ್ನೆರಡು ದೂರುಗಳಿದ್ದವು. ಒಂಬತ್ತು ನಮ್ಮ ಶಾಖೆಯವೇ, ಒಂಬತ್ತೂ ನನ್ನ ಮೇಲೆಯೇ. ನಾನು ಯಾರ ಪಕ್ಷವನ್ನೂ ವಹಿಸದೆ ನನ್ನನ್ನೇ ವಿಚಾರಣೆ ಮಾಡಿಕೊಂಡೆ. ಕ್ಯಾಷಿಯರ ದೂರಿಗೆ ಮಾತ್ರ ಮಾದರಿಯನ್ನು ಪಕ್ಕಕ್ಕಿಟ್ಟು, ಪುಟ ನೂರ ಎಂಬತ್ತೇಳನ್ನು ಮರೆತು, ‘ತಪ್ಪು ನನ್ನದೇ’ ಎಂದು ಸ್ವಂತ ಕೈಯಿಂದ ಬರೆದೆ. ಉತ್ತರ ಬಂದಿಲ್ಲ.

ನಿನ್ನೆ ಹನ್ನೊಂದು ಗಂಟೆಗೆ ಪರದೆಯ ಆಚೆ ಹಲ್ಲಿನ ಡಾಕ್ಟರ ದನಿ ಕೇಳಿಸಿತು. ಕೋಟು ಕೊಟ್ಟರು, ರಸೀದಿ ತೆಗೆದುಕೊಂಡರು. ಆಮೇಲೆ ದನಿ ತಗ್ಗಿಸಿ, ಆದರೂ ಪರದೆಯ ಈಚೆಗೆ ಕೇಳಿಸುವಷ್ಟು ಭಾವಪೂರ್ಣವಾಗಿ, “ಅಮ್ಮಾ, ತುಂಬಾ ಥ್ಯಾಂಕ್ಸ್,” ಅಂದರು.

“ಗುಂಡಿಗಾ? ಅದೇನು ಮಹಾ, ಬಿಡಿ,” ಅಂದಳು ಹೆಂಡತಿ.

“ಗುಂಡಿಗಲ್ಲಮ್ಮ. ಆ ಮನುಷ್ಯನ್ನ ಒಳಗೆ ಕೂರಿಸಿದ್ರಲ್ಲ, ಅದಕ್ಕೆ.”

ನಾನು ಪೆನ್ನು ಕೆಳಗಿಟ್ಟೆ. ಕಾದದ್ದು ಇಪ್ಪತ್ಮೂರು ವರ್ಷ ಆರು ತಿಂಗಳು. ಕೊನೆಗೂ ಬಂತು. ಕೂಲಂಕಷವಾಗಿ ಪರಿಶೀಲಿಸಿ ನೋಡಿದೆ: ಆ ಥ್ಯಾಂಕ್ಸಿಗೆ ಸಂಪೂರ್ಣ ಹೊಣೆ ನಾನೇ. ಕೆಮ್ಮು ಬರಲಿಲ್ಲ.